ಇಲ್ಲ ಎನ್ನಲು ಬಾರದ ಹೆಲ್ಮಿ

ಹೆಲ್ಮಿ ಕಂಗಾಸ್ ಹತ್ತೊಂಬತ್ತು ವರ್ಷ ಒಂದೇ ಫೋನಿನ ಮುಂದೆ ಕೂತಳು. ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಬಾಯ್ಲರಿನ ಪಕ್ಕದ ಕೋಣೆ ಅದು. ಚಳಿಗಾಲದಲ್ಲಿ ಕೂತವರಿಗೆ ಬೆವರು, ಬೇಸಿಗೆಯಲ್ಲಿ ಗೋಡೆಗೆ ಬೂಷ್ಟು. ನಮ್ಮ ಕೌಂಟಿಯ ವಯಸ್ಸಾದವರು, ಕಣ್ಣು ಕಾಣದವರು, ಗಾಲಿಕುರ್ಚಿಯವರು ಆಸ್ಪತ್ರೆಗೋ ಅಂಗಡಿಗೋ ಹೋಗಬೇಕಾದರೆ ಅಲ್ಲಿಗೆ ಫೋನು ಮಾಡುತ್ತಿದ್ದರು. ಹೆಲ್ಮಿ ಹೊತ್ತು ಹೊಂದಿಸುತ್ತಿದ್ದಳು, ನಾವು ಮೂವರು ವ್ಯಾನು ಓಡಿಸುತ್ತಿದ್ದೆವು. ಆ ಮೂವರಲ್ಲಿ ನಾನೊಬ್ಬ, ರೂಡಿ ಸ್ಟಿಮಾಕ್. ಕಾಗದದ ಗಿರಣಿ ಮುಚ್ಚಿದ ಮೇಲೆ ಬೇರೆ ದಾರಿ ಕಾಣದೆ ಬಂದವನು ಹದಿನಾರು ವರ್ಷ ಅಲ್ಲೇ ಉಳಿದೆ.

ಅವಳ ಮೇಜಿನ ಮೇಲೆ ಒಂದು ತಗಡಿನ ಪೆಟ್ಟಿಗೆ, ಅದರೊಳಗೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡು. ವಿಳಾಸವನ್ನು ಮೂಲೆಯಲ್ಲಿ ಚಿಕ್ಕದಾಗಿ ಬರೆದಿರುತ್ತಿದ್ದಳು, ಮುಖ್ಯವಾದದ್ದು ಅದರ ಕೆಳಗೆ. 'ಎಡಗಿವಿ ಕೇಳಿಸದು, ಹಾರ್ನ್ ಬೇಡ, ಅಡುಗೆಮನೆಯ ಕಿಟಕಿ ತಟ್ಟು.' 'ನಾಯಿ ಬೊಗಳಿದರೆ ಹೆದರಬೇಡ, ಬೊಗಳದಿದ್ದರೆ ಒಳಗೆ ಹೋಗಿ ನೋಡು.' 'ಮೆಟ್ಟಿಲಲ್ಲಿ ಕೈ ಹಿಡಿಯಬೇಕು, ಹಿಡಿದ ಹಾಗೆ ಕಾಣಬಾರದು.' ನಾನು ಕೆಲಸ ಕಲಿತದ್ದು ಆ ಕಾರ್ಡುಗಳಿಂದ. ವ್ಯಾನು ಓಡಿಸುವುದು ಯಾರಿಗೂ ಬರುತ್ತದೆ.

ಅವಳಿಗೆ ಬಾರದ ಮಾತು ಒಂದೇ, ಇಲ್ಲ ಎನ್ನುವುದು. ವ್ಯಾನುಗಳು ತುಂಬಿದ್ದರೂ ಸರಿ, ದೊಡ್ಡ ಸರೋವರದ ಕಡೆಯಿಂದ ಹಿಮ ಅಡ್ಡಡ್ಡ ಬೀಸುತ್ತಿದ್ದರೂ ಸರಿ, "ನೋಡೋಣ, ಬರ್ತೀವಿ" ಎಂದು ಫೋನು ಇಡುತ್ತಿದ್ದಳು. ಆಮೇಲೆ ಪೆನ್ಸಿಲು ಕಚ್ಚಿಕೊಂಡು ಹಾಳೆಯ ಮೇಲೆ ಬಾಣ ಎಳೆಯುತ್ತ, ಇವರನ್ನು ಅರ್ಧ ಗಂಟೆ ಮುಂಚೆ, ಅವರನ್ನು ಇವರ ಜೊತೆಗೆ ಎಂದು ಹೇಗೋ ಹೊಂದಿಸಿಬಿಡುತ್ತಿದ್ದಳು. ಹೊಂದದೇ ಹೋದರೆ ತನ್ನ ಕಾರಿನ ಬೀಗದ ಕೈ ತೆಗೆದುಕೊಂಡು ತಾನೇ ಹೊರಡುವಳು. ಭಾನುವಾರ ನನ್ನ ಮನೆಗೂ ಫೋನು ಬರುತ್ತಿತ್ತು. "ಚರ್ಚಿಗಂತೂ ನೀನು ಹೋಗಲ್ಲ, ಸುಮ್ನೆ ಕೂತಿರ್ತೀಯ, ಒಂದು ಉಪಕಾರ ಮಾಡು" ಎನ್ನುವಳು. ನಾನು ಗೊಣಗಿಕೊಂಡು ಹೋಗುತ್ತಿದ್ದೆ. ಸ್ವಂತ ಗಾಡಿಯಲ್ಲಿ ಹೀಗೆ ಕರೆದೊಯ್ಯುವುದು ನಿಯಮಕ್ಕೆ ವಿರುದ್ಧ, ಹಾಗಾಗಿ ಅದನ್ನು ಎಲ್ಲೂ ಬರೆಯುತ್ತಿರಲಿಲ್ಲ.

ಯಾಕೆ ಇಷ್ಟು ಹಟ ಎಂದು ಒಮ್ಮೆ ಕೇಳಿದ್ದೆ. ಅವಳ ತಾಯಿಯ ಕಥೆ ಹೇಳಿದಳು. ಫಿನ್‌ಲೆಂಡ್ ಮೂಲದ ಹಳೇ ಕಾಲದ ಹೆಂಗಸು, ಊರಿನಿಂದ ಹನ್ನೊಂದು ಮೈಲಿ ಒಳಗೆ ಆಲೂಗಡ್ಡೆ ಬೆಳೆದುಕೊಂಡಿದ್ದವಳು. ಎದೆಯಲ್ಲಿ ಗಂಟು ಕಂಡಾಗ ಪಕ್ಕದ ಹೊಲದವನನ್ನು ಆಸ್ಪತ್ರೆಗೆ ಬಿಡುತ್ತೀಯಾ ಎಂದು ಕೇಳಿದಳಂತೆ. ಅವನು ಪಾಪ, ಈ ವಾರ ಹುಲ್ಲು ಕೊಯ್ಲು, ಮುಂದಿನ ವಾರ ನೋಡೋಣ ಎಂದ. ಮುಂದಿನ ವಾರ ಆಕೆ ಕೇಳಲಿಲ್ಲ, ಅದರ ಮುಂದಿನ ವಾರವೂ ಕೇಳಲಿಲ್ಲ. ಆಗ ಹೆಲ್ಮಿ ಡೆಟ್ರಾಯಿಟಿನಲ್ಲಿ ಯಾರದೋ ಮನೆಗೆಲಸ ಮಾಡಿಕೊಂಡಿದ್ದಳು. ಸುದ್ದಿ ತಿಳಿಯುವ ಹೊತ್ತಿಗೆ ಗಂಟು ಬಲಿತು ಕೈಮೀರಿತ್ತು.

"ನಮ್ಮ ಜನ ಒಂದು ಸಲ ಕೇಳೋದೇ ಹೆಚ್ಚು ರೂಡಿ," ಎಂದಿದ್ದಳು. "ಇಲ್ಲ ಅಂದ್ರೆ ಎರಡನೇ ಸಲ ಕೇಳಲ್ಲ. ಸತ್ತರೂ ಕೇಳಲ್ಲ."

ಅದು ನಿಜ. ನಾನು ಕ್ರೊಯೇಷಿಯಾದಿಂದ ಬಂದವರ ವಂಶದವನು, ನಮ್ಮ ಮನೆಯಲ್ಲಿ ಉಪ್ಪು ಬೇಕಾದರೂ ಮೂರು ಸಲ ಕೂಗಿ ಕೇಳುತ್ತೇವೆ. ಈ ಫಿನ್ನಿಷ್ ಜನರ ಬಿಗುಮಾನ ನನಗೆ ಅರ್ಥವಾಗಲು ವರ್ಷಗಳೇ ಹಿಡಿದವು.

ಪ್ರತಿ ತಿಂಗಳ ಕೊನೆಗೆ ರಾಜ್ಯದ ಕಚೇರಿಗೆ ಒಂದು ನಮೂನೆ ಕಳಿಸಬೇಕಿತ್ತು. ಅದರ ಕಡೇ ಕಾಲಂ, ಕೇಳಿದರೂ ಕರೆದೊಯ್ಯಲಾಗದೆ ಇಲ್ಲ ಎಂದವರು ಎಷ್ಟು ಮಂದಿ ಎಂಬುದು. ಹೆಲ್ಮಿ ಅಲ್ಲಿ ದುಂಡಗೆ ಒಂದು ಸೊನ್ನೆ ಬರೆಯುತ್ತಿದ್ದಳು. ಡಿಸೆಂಬರಿನ ನಮೂನೆ ಮುಗಿದ ದಿನ ಏಲಕ್ಕಿ ಹಾಕಿ ಜಡೆಯ ಹಾಗೆ ಹೆಣೆದ ಬ್ರೆಡ್ಡು ಬೇಯಿಸಿ ತರುವಳು. ನಾವು ಅದನ್ನು ಸೊನ್ನೆಯ ಕಾಫಿ ಎನ್ನುತ್ತಿದ್ದೆವು. ವರ್ಷವಿಡೀ ಒಬ್ಬರಿಗೂ ಇಲ್ಲ ಎನ್ನಲಿಲ್ಲ ಎಂದು ಅವಳು ಹೇಳುವಳು, ನಾವು ಕಪ್ಪು ಎತ್ತುವೆವು. ನಮಗೆಲ್ಲ ಅದೊಂದು ಹೆಮ್ಮೆ. ಆ ಸೊನ್ನೆಯನ್ನು ಬೇರೆ ಯಾರಾದರೂ ಓದುತ್ತಾರೆ, ಬೇರೆ ಥರ ಓದುತ್ತಾರೆ ಎಂದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

ಆಮೇಲೆ ಜನಗಣತಿ ಬಂತು. ತೊಂಬತ್ತು ಮೈಲಿ ಆಚೆಯ ಐರನ್ ಬೇ ನಗರ ಐವತ್ತು ಸಾವಿರ ದಾಟಿತು. ವಯಸ್ಸಾದವರ ಮತ್ತು ಅಂಗವಿಕಲರ ಓಡಾಟಕ್ಕೆಂದು ವಾಷಿಂಗ್ಟನ್ನಿನಿಂದ ಬರುವ ದುಡ್ಡನ್ನು ಅಲ್ಲಿಯವರೆಗೆ ರಾಜ್ಯವೇ ಹಂಚುತ್ತಿತ್ತು. ಊರು ದೊಡ್ಡದಾದ ಮೇಲೆ ನಮ್ಮ ಕೌಂಟಿಯೂ ಸೇರಿದ ಆ ಭಾಗಕ್ಕೆಲ್ಲ ಒಬ್ಬರನ್ನು ಗೊತ್ತುಮಾಡಿ, ಅವರ ಕೈಗೆ ಒಪ್ಪಿಸಬೇಕಂತೆ. ಒಂದೋ ನಗರದ ಬಸ್ಸು ಮಂಡಳಿ, ಇಲ್ಲವೇ ನಮ್ಮಂಥ ಮೂರು ಕೌಂಟಿಗಳ ಹಿರಿಯರ ಸೇವಾ ಕಚೇರಿಗಳು ಒಟ್ಟಾಗಿ. ದುಡ್ಡು ಯಾರ ಕೈಲಿರುತ್ತದೋ ವ್ಯಾನೂ ಅವರದೇ, ಫೋನೂ ಅವರದೇ, ಎಲ್ಲಿ ನಿಲ್ಲಬೇಕು ಎಂಬ ನಿಯಮವೂ ಅವರದೇ. ಹೆಲ್ಮಿಗೆ ಬೇಕಾಗಿದ್ದದ್ದು ಇಷ್ಟೇ, ವ್ಯಾನು ಅಡುಗೆಮನೆಯ ಬಾಗಿಲವರೆಗೆ ಬರುವುದು ನಿಲ್ಲಬಾರದು.

ಅದಕ್ಕೊಂದು ಸಮಿತಿ ಆಯಿತು. ಸಮಿತಿಗೆ ಮೂರು ಸಭೆ, ಮೂರೂ ಐರನ್ ಬೇಯಲ್ಲೇ. ಓಡಾಡಲಾಗದವರ ಓಡಾಟದ ಬಗ್ಗೆ ತೀರ್ಮಾನಿಸುವ ಸಭೆಗೆ ಹೋಗಿ ಬರಲು ನಮಗೆ ನಾಲ್ಕು ಗಂಟೆ. ಮೊದಲ ಸಭೆಯಲ್ಲಿ ಸಮಿತಿಯ ಹೆಸರೇನು ಎಂದು ಮಾತಾಡಿದರು. ಎರಡನೆಯದರಲ್ಲಿ ಆಡಳಿತ ಎಂದರೆ ಏನೇನು ಸೇರುತ್ತದೆ ಎಂದು ಮಾತಾಡಿದರು. ಗೋಡೆಯ ಮೇಲೆ ಚೌಕಗಳು, ಚೌಕದಿಂದ ಚೌಕಕ್ಕೆ ಗೆರೆಗಳು. ನಾನು ಹಿಂದಿನ ಸಾಲಿನಲ್ಲಿ ಕೂತು ತೂಕಡಿಸಿದೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಹೆಲ್ಮಿ ಮಾತ್ರ ಬೆನ್ನು ನೆಟ್ಟಗೆ ಮಾಡಿಕೊಂಡು, ತಗಡಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯವರೆಗೆ ಕೇಳಿದಳು.

ಮೂರನೆಯ ಸಭೆಗೆ ಆರ್ವೊ ನಿಯೆಮಿ ಕೂಡ ಬಂದ. ಆರ್ವೊ ಗಣಿಯಲ್ಲಿ ದುಡಿದವನು, ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿತ್ತು, ಮೂತ್ರಪಿಂಡವೂ ಕೆಟ್ಟಿತ್ತು. ವಾರಕ್ಕೆ ಮೂರು ದಿನ ಅವನನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದವನು ನಾನೇ. ನೀನೂ ಎರಡು ಮಾತಾಡು ಎಂದು ಹೆಲ್ಮಿ ಅವನನ್ನು ಒಪ್ಪಿಸಿದ್ದಳು. ಅವನ ಸರದಿ ಬಂದಾಗ ಎದ್ದು ನಿಂತು, ನಮಗೇನೂ ತೊಂದರೆ ಇಲ್ಲ, ಎಲ್ಲ ಚೆನ್ನಾಗಿದೆ, ಹೆಲ್ಮಿಗೆ ಥ್ಯಾಂಕ್ಸ್ ಎಂದು ಕೂತುಬಿಟ್ಟ. ಇಡೀ ದಾರಿ ಅವನಿಗೆ ಹೇಳಿಕೊಟ್ಟಿದ್ದು ಹೊಳೆಯಲ್ಲಿ ಹೋಯಿತು. ಎಷ್ಟೇ ಆದರೂ ಪರರ ಮುಂದೆ ಕಷ್ಟ ಹೇಳಿಕೊಳ್ಳುವುದು ಅವನ ಬಾಯಲ್ಲಿ ಬರುವ ಮಾತಲ್ಲ.

ಸಮಿತಿಗೆ ಲೆಕ್ಕ ಮಾಡಿಕೊಟ್ಟವನು ಓಸ್‌ಗುಡ್ ಎಂಬ ಸಲಹೆಗಾರ. ಕೆಟ್ಟವನಲ್ಲ, ನಮಗೆಲ್ಲ ಕಾಫಿ ತಂದುಕೊಟ್ಟವನು ಅವನೊಬ್ಬನೇ. ಅವನು ಗೋಡೆಯ ಮೇಲೆ ಒಂದು ಚಿತ್ರ ಹಾಕಿದ. ಹೋದ ವರ್ಷ ಕೇಳಿಯೂ ಗಾಡಿ ಸಿಗದೇ ಹೋದದ್ದು ಐರನ್ ಬೇಯಲ್ಲಿ ಸಾವಿರದ ನೂರ ನಲವತ್ತು ಸಲ. ಅದಕ್ಕೊಂದು ಎತ್ತರದ ಕಂಬ. ನಮ್ಮ ಕೌಂಟಿಯ ಹೆಸರಿನ ಮೇಲೆ ಕಂಬವೇ ಇಲ್ಲ, ಬರೀ ಗೆರೆ. ಕೊರತೆ ಎಲ್ಲಿದೆಯೋ ಅಲ್ಲಿಯವರೇ ಆಡಳಿತ ನೋಡಿಕೊಳ್ಳುವುದು ಸರಿ ಎಂದು ಅವನು ಮೆಲ್ಲಗೆ ಹೇಳಿದ.

ಹೆಲ್ಮಿ ಎದ್ದು ನಿಂತಳು. ಪೆಟ್ಟಿಗೆ ಕಂಕುಳಲ್ಲಿ.

"ನಮ್ಮಲ್ಲಿ ಸೊನ್ನೆ ಯಾಕೆ ಅಂದ್ರೆ ನಾವು ಯಾರನ್ನೂ ಬಿಟ್ಟಿಲ್ಲ. ವ್ಯಾನು ಸಾಲದಿದ್ದಾಗ ನನ್ನ ಕಾರಲ್ಲಿ ಕರ್ಕೊಂಡು ಹೋಗಿದೀನಿ. ರೂಡಿ ತನ್ನ ಗಾಡೀಲಿ ಹೋಗಿದಾನೆ."

"ಎಷ್ಟು ಸಲ, ಮಿಸೆಸ್ ಕಂಗಾಸ್?"

"ಎಣಿಸಿಲ್ಲ."

ಓಸ್‌ಗುಡ್‌ಗೆ ನಿಜಕ್ಕೂ ಬೇಜಾರಾದ ಹಾಗೆ ಕಂಡಿತು. "ಎಣಿಸದೇ ಇರೋದನ್ನ ನಾನು ಎಲ್ಲಿ ಹಾಕ್ಲಿ ಹೇಳಿ," ಎಂದ.

ಸುತ್ತ ಕೂತವರು ಕಾಗದ ಸರಿಸಿದರು. ಹೆಲ್ಮಿ ಕೂತಳು. ಕೈ ಎತ್ತಿಸಿದರು, ಏಳಕ್ಕೆ ನಾಲ್ಕು. ಆಡಳಿತ ಬಸ್ಸು ಮಂಡಳಿಗೆ ಹೋಯಿತು. ಎರಡು ವರ್ಷದ ನಂತರ ಇದೇ ಅಂಕಿಗಳನ್ನು ನೋಡಿ ಮತ್ತೆ ವಿಚಾರ ಮಾಡುತ್ತೇವೆ ಎಂದೂ ಒಂದು ಸಾಲು ಸೇರಿಸಿದರು.

ವಾಪಸ್ಸು ಬರುವಾಗ ಅರ್ಧ ದಾರಿಯಲ್ಲಿ ವ್ಯಾನಿನ ಹಿಂದಿನ ಸೀಟಿನಿಂದ ಆರ್ವೊ, "ನಾನು ಸರಿಯಾಗಿ ಮಾತಾಡಿದ್ನಾ ಹೆಲ್ಮಿ?" ಎಂದು ಕೇಳಿದ. ಅವಳು, "ಚೆನ್ನಾಗಿ ಮಾತಾಡಿದೆ ಆರ್ವೊ" ಎಂದಳು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ಎಳೆಯುವಷ್ಟು ಉತ್ಸಾಹ ನನಗಿಲ್ಲ. ಫೋನು ಐರನ್ ಬೇಗೆ ಹೋಯಿತು. ನಮ್ಮ ಕಡೆಗೆ ಮಂಗಳವಾರ ಮತ್ತು ಗುರುವಾರ ಮಾತ್ರ ಒಂದು ವ್ಯಾನು. ಎರಡು ದಿನ ಮುಂಚೆ ಹೇಳಬೇಕು, ಮನೆಯವರು ರಸ್ತೆಯ ಬದಿಗೆ ಬಂದು ನಿಂತಿರಬೇಕು, ಐದು ನಿಮಿಷ ಕಾದು ಹೊರಟುಬಿಡುತ್ತಾರೆ. ನಮ್ಮಲ್ಲಿ ಮನೆಯಿಂದ ರಸ್ತೆಗೆ ಕಾಲು ಮೈಲಿ, ಅದೂ ಮೊಣಕಾಲುದ್ದ ಹಿಮ. ಹೆಲ್ಮಿ ತಗಡಿನ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗಿ ಹೊಸ ಕಚೇರಿಯವರ ಮೇಜಿನ ಮೇಲಿಟ್ಟಳು. ಅವರು ಎರಡು ಕಾರ್ಡು ಓದಿ ನಕ್ಕು, ಬಹಳ ಚೆನ್ನಾಗಿದೆ, ಆದರೆ ಕಂಪ್ಯೂಟರಿನಲ್ಲಿ ಇದಕ್ಕೆ ಜಾಗ ಇಲ್ಲ ಎಂದರು. ಅವಳು ಪೆಟ್ಟಿಗೆ ಮುಚ್ಚಿಕೊಂಡು ಮನೆಗೆ ತಂದು ಫ್ರಿಜ್ಜಿನ ಮೇಲಿಟ್ಟಳು.

ಆರ್ವೊಗೆ ವಾರಕ್ಕೆ ಮೂರು ದಿನ ಬೇಕಿತ್ತು, ವ್ಯಾನು ಇದ್ದದ್ದು ಎರಡು ದಿನ. ಮೊದಲ ತಿಂಗಳು ನನ್ನ ಪಿಕಪ್ಪಿನಲ್ಲೇ ಕರೆದೊಯ್ದೆ. ಆಮೇಲೆ ನನ್ನ ಸೊಂಟದ ಶಸ್ತ್ರಚಿಕಿತ್ಸೆ ಬಂತು, ಆರು ವಾರ ಸ್ಟಿಯರಿಂಗ್ ಮುಟ್ಟುವ ಹಾಗಿರಲಿಲ್ಲ. ನಾನು ಎದ್ದು ಓಡಾಡುವ ಹೊತ್ತಿಗೆ ಅವನು ಐರನ್ ಬೇಯ ವೃದ್ಧಾಶ್ರಮ ಸೇರಿಬಿಟ್ಟಿದ್ದ. ಹೆಲ್ಮಿಗೆ ಹೇಳಿ ತೊಂದರೆ ಕೊಡಬೇಡಿ ಎಂದನಂತೆ. ಹುಟ್ಟಿದ ಮನೆ ಬಿಟ್ಟು ಒಂದು ದಿನವೂ ಬೇರೆ ಕಡೆ ಮಲಗದವನು. ಚಳಿಗಾಲ ಕಳೆಯುವುದರೊಳಗೆ ಹೋಗಿಬಿಟ್ಟ. ಇದನ್ನು ನೆನೆದರೆ ನನಗೆ ಈಗಲೂ ನನ್ನ ಸೊಂಟದ ಮೇಲೇ ಸಿಟ್ಟು ಬರುತ್ತದೆ.

ಅಂತ್ಯಸಂಸ್ಕಾರ ಮುಗಿದ ಮೇಲೆ ಹೆಲ್ಮಿ ಪೆಟ್ಟಿಗೆ ಇಳಿಸಿ, ಕಾರ್ಡು ಹಿಡಿದುಕೊಂಡು ಒಬ್ಬೊಬ್ಬರಿಗೇ ಫೋನು ಮಾಡಿದಳು. ಬೇಕಾದಾಗ ಐರನ್ ಬೇಗೆ ಫೋನು ಮಾಡಿ, ಇಲ್ಲ ಅಂದರೆ ಬಿಡಬೇಡಿ, ನನಗೆ ಈಗಲೂ ಬೇಕು ಅಂತ ಹೇಳಿ, ಆಗ ಅವರು ಬರೆದುಕೊಳ್ಳಲೇಬೇಕು ಎಂದಳು. ಎಲ್ಲರೂ ಹೂಂ ಎಂದರು. ಯಾರೂ ಮಾಡಲಿಲ್ಲ. ಒಬ್ಬಳು ಮಾಡಿದಳಂತೆ, ಆ ಕಡೆ ಹುಡುಗಿ ತುಂಬಾ ಕೆಲಸದಲ್ಲಿದ್ದ ಹಾಗಿತ್ತು ಪಾಪ, ಸುಮ್ಮನೆ ಹವಾಮಾನ ವಿಚಾರಿಸಿ ಇಟ್ಟುಬಿಟ್ಟೆ ಎಂದಳು. ಹೆಲ್ಮಿ ಅದನ್ನು ನನಗೆ ಹೇಳಿ ನಕ್ಕಳು. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣು ಉಜ್ಜಿಕೊಂಡಳು.

ಕಣ್ಣು ಉಜ್ಜಿಕೊಂಡದ್ದು ಅಳುವಿಗಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು. ನೋಟದ ನಡುವೆ ಒಂದು ಮಸಿ ಬೊಟ್ಟು ಕೂತಿತ್ತು. ತಿಂಗಳಿಗೊಮ್ಮೆ ಕಣ್ಣಿಗೆ ಸೂಜಿಮದ್ದು ಹಾಕಿಸದಿದ್ದರೆ ಅದು ಹರಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಡಾಕ್ಟರಿರುವುದು ಐರನ್ ಬೇಯಲ್ಲಿ. ಹೆಲ್ಮಿಯ ಲೈಸೆನ್ಸು ಹೋಯಿತು, ಕಾರು ಕೊಟ್ಟಿಗೆಯಲ್ಲಿ ನಿಂತಿತು. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವಳು ಮೊದಲ ಸಲ ತನಗಾಗಿ ಫೋನು ಮಾಡಿ ವ್ಯಾನು ಕೇಳಿದಳು. ನಾಲ್ಕು ತಿಂಗಳು ಸಿಕ್ಕಿತು. ಐದನೆಯ ತಿಂಗಳು, ಹೋದ ನವೆಂಬರಿನಲ್ಲಿ, ಆ ಗುರುವಾರದ ವ್ಯಾನು ತುಂಬಿದೆ ಎಂದರು.

ಸುದ್ದಿ ನನಗೆ ತಿಳಿದದ್ದು ಅಂಚೆಯವಳಿಂದ. ಹೆಲ್ಮಿ ಹೇಳಿರಲಿಲ್ಲ. ಗುರುವಾರ ಬೆಳಿಗ್ಗೆ ಹತ್ತಕ್ಕೆಲ್ಲ ಪಿಕಪ್ಪು ಬಿಸಿ ಮಾಡಿಕೊಂಡು ಅವಳ ಮನೆಯ ಅಡುಗೆಮನೆ ಬಾಗಿಲಿಗೆ ಹೋದೆ. ಒಳಗೆ ಏಲಕ್ಕಿಯ ವಾಸನೆ. ಅವಳು ಮೇಜಿನ ಮುಂದೆ ಕೂತಿದ್ದಳು, ಮೇಜಿನ ಮೇಲೆ ಜಡೆ ಬ್ರೆಡ್ಡು.

"ಕೋಟು ಹಾಕ್ಕೋ," ಎಂದೆ. "ಒಂದೂವರೆಗೆ ಅಲ್ವಾ ನಿಂಗೆ. ಹನ್ನೊಂದೂವರೆಗೆ ಹೊರಟ್ರೆ ಸರಿಹೋಗುತ್ತೆ."

ಅವಳು ಕಪ್ಪಿಗೆ ಕಾಫಿ ಬಗ್ಗಿಸಿದಳು. "ನಾನು ಬರಲ್ಲ ರೂಡಿ. ಕೂತ್ಕೋ."

ನಾನು ಕೂರಲಿಲ್ಲ. ಇದೇನು ಮಕ್ಕಳಾಟ ಎಂದು ಕೂಗಾಡಿದೆ. ಅವಳು ಸಮಾಧಾನವಾಗಿ ವಿವರಿಸಿದಳು, ಹೊಸ ಡ್ರೈವರಿಗೆ ದಾರಿ ಹೇಳಿಕೊಡುವ ದನಿಯಲ್ಲಿ. ಐರನ್ ಬೇಯಲ್ಲಿ ಫೋನು ತೆಗೆದ ಹುಡುಗಿ ವ್ಯಾನು ಇಲ್ಲ ಎಂದಾಗ, ಇದನ್ನು ಹೇಗೆ ಬರೆದುಕೊಳ್ಳುತ್ತೀಯಮ್ಮ ಎಂದು ಇವಳು ಕೇಳಿದ್ದಳು. ನಿಮಗೆ ಈಗಲೂ ಬೇಕು ಅಂದರೆ ಸಿಗದವರ ಪಟ್ಟಿಗೆ ಹಾಕುತ್ತೇನೆ, ಆ ದಿನ ಮಧ್ಯಾಹ್ನ ಫೋನು ಮಾಡಿ ಬೇರೆ ರೀತಿಯಲ್ಲಿ ಹೋದಿರಾ ಎಂದು ಕೇಳುತ್ತೇವೆ, ಹೋಗಿದ್ದರೆ ಪಟ್ಟಿಯಿಂದ ತೆಗೆಯುತ್ತೇವೆ ಎಂದಿದ್ದಳು ಹುಡುಗಿ.

"ವಸಂತಕ್ಕೆ ಸಮಿತಿ ಮತ್ತೆ ಕೂರುತ್ತೆ," ಎಂದಳು ಹೆಲ್ಮಿ. "ಅಂಕಿ ನೋಡ್ತಾರೆ. ನೀನು ಕರ್ಕೊಂಡು ಹೋದ್ರೆ ಮತ್ತೆ ಸೊನ್ನೆ."

"ಹೋಗಿಲ್ಲ ಅಂತ ಹೇಳು. ಯಾರು ಬಂದು ನೋಡ್ತಾರೆ?"

"ನಂಗೆ ಸುಳ್ಳು ಹೇಳೋಕೆ ಬರಲ್ಲ, ನಿಂಗೊತ್ತು."

"ಹಾಗಾದ್ರೆ ಕಣ್ಣು?"

ಎರಡು ವಾರ ಬಿಟ್ಟು ಇನ್ನೊಂದು ದಿನ ಕೊಟ್ಟಿದ್ದಾರೆ, ಅದಕ್ಕೆ ವ್ಯಾನು ಸಿಕ್ಕಿದೆ, ಅಷ್ಟರಲ್ಲಿ ಏನಾಗುವುದಿಲ್ಲ ಎಂದಳು. ಡಾಕ್ಟರು ಹಾಗೆ ಹೇಳಿರಲಿಲ್ಲ. ಅಂದರೆ ಅದೊಂದು ಸುಳ್ಳು ಅವಳಿಗೆ ಬಂತು.

ಅವಳನ್ನು ಎತ್ತಿಕೊಂಡು ಹೋಗಿ ಗಾಡಿಯಲ್ಲಿ ಕೂರಿಸೋಣ ಎನ್ನಿಸಿತು. ನನ್ನ ಸೊಂಟಕ್ಕೆ ಅದು ಆಗದು, ಆಗಿದ್ದರೂ ಮಾಡುತ್ತಿರಲಿಲ್ಲ. ಇಷ್ಟು ವರ್ಷ ಭಾನುವಾರಗಳಲ್ಲಿ ಗೊಣಗಿಕೊಂಡು ಗಾಡಿ ತೆಗೆದವನು ನಾನು. ಒಂದೊಂದು ಸಲ ಹೋಗಿ ಬಂದಾಗಲೂ ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡಿದ್ದೆ. ಓಸ್‌ಗುಡ್‌ನ ಚಿತ್ರದ ಆ ಗೆರೆಯ ಮೇಲೆ ಕಂಬ ಏಳದಂತೆ ನೋಡಿಕೊಂಡವರಲ್ಲಿ ನಾನೂ ಒಬ್ಬ. ಹೊರಗೆ ಹೋಗಿ ಇಂಜಿನ್ ಆರಿಸಿ ಬಂದು ಕೂತೆ.

ಗಡಿಯಾರ ಹನ್ನೊಂದೂವರೆ ತೋರಿಸಿತು. ಹನ್ನೆರಡಾಯಿತು. ಅವಳು ಊರಿನ ಸುದ್ದಿ ಮಾತಾಡಿದಳು, ನಾನು ಹೂಂಗುಟ್ಟಿದೆ. ಎರಡನೆಯ ಸಲ ಕಾಫಿ ಬಿಸಿ ಮಾಡಿದಳು. ಒಂದೂವರೆ ಆದಾಗ ಇಬ್ಬರೂ ಗಡಿಯಾರ ನೋಡಿದೆವು. ನಾನು ನೋಡಿದೆ, ಅವಳು ಗಡಿಯಾರವಿದ್ದ ಕಡೆಗೆ ಮುಖ ತಿರುಗಿಸಿದಳು.

ಎರಡು ಗಂಟೆ ದಾಟಿ ಫೋನು ಬಂತು. ಆ ಹುಡುಗಿಯ ದನಿ ನನಗೂ ಕೇಳುತ್ತಿತ್ತು, ಎಳೆ ದನಿ, ಹೆದರಿದ ಹಾಗಿತ್ತು. "ಮಿಸೆಸ್ ಕಂಗಾಸ್, ಇವತ್ತು ಬೇರೆ ರೀತಿ ಏನಾದ್ರೂ ಹೋದ್ರಾ?"

"ಇಲ್ಲ," ಎಂದಳು ಹೆಲ್ಮಿ. ಇಷ್ಟು ವರ್ಷದಲ್ಲಿ ಫೋನಿನಲ್ಲಿ ಅವಳ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. "ಹೋಗ್ಲಿಲ್ಲ. ಬರ್ಕೊಂಡ್ಯಾ ಮಗಳೇ? ಒಂದು ಅಂತ ಬರ್ಕೋ."

ಫೋನು ಇಟ್ಟು ಚಾಕು ತೆಗೆದುಕೊಂಡಳು. ಬೆರಳಿನಿಂದ ಜಡೆಯ ತುದಿ ಹುಡುಕಿಕೊಂಡು ಬ್ರೆಡ್ಡು ಕೊಯ್ದಳು. ಮೊದಲ ತುಂಡು ನನಗೆ ಎಂದು, ನನ್ನ ತಟ್ಟೆ ಇದ್ದ ಜಾಗ ಬಿಟ್ಟು ಒಂದು ಗೇಣು ಆಚೆ, ಬರಿಯ ಮೇಜಿನ ಮೇಲೆ ಇಟ್ಟಳು. ನಾನು ಸದ್ದಾಗದಂತೆ ತಟ್ಟೆಯನ್ನು ಅಲ್ಲಿಗೆ ಸರಿಸಿ, ತುಂಡನ್ನು ಅದರ ಮೇಲಿಟ್ಟುಕೊಂಡು, ಚೆನ್ನಾಗಿದೆ ಎಂದೆ.